ಆಟದ ಉಳಿಕೆಗೂ ದಫ್ತರದ ಶಿಸ್ತು ಬೇಕು

ವಿಡಿಯೊ ಗೇಮ್ ಎಂದರೆ ಕಾಲಹರಣ ಎಂಬುದು ಹಿರಿಯರ ಸಾಮಾನ್ಯ ಅಭಿಪ್ರಾಯ. ಆದರೆ ತಿಂಗಳುಗಟ್ಟಲೆ ಆಡಿ ತಲುಪಿದ ಹಂತವೊಂದು ಅಳಿಸಿಹೋದಾಗ ಮಗು ಕಳೆದುಕೊಳ್ಳುವುದು ಸಣ್ಣದೇನಲ್ಲ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಅದು ಸಂಚಿತ ಶ್ರಮದ ನಷ್ಟ.

1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿ ಪ್ಲೇಸ್ಟೇಷನ್‌ನ ಮೆಮೊರಿ ಕಾರ್ಡಿನ ಸಾಮರ್ಥ್ಯ ಕೇವಲ 128 ಕಿಲೋಬೈಟ್. ಅದರ 16 ಖಾನೆಗಳಲ್ಲಿ ಮೊದಲನೆಯದು ಸೂಚಿಗೆ ಮೀಸಲು. ಆಟಗಾರನಿಗೆ ಸಿಗುವುದು ಉಳಿದ 15. ಕಚೇರಿಯ ದಾಖಲೆ ಕೊಠಡಿಯ ಕ್ರಮವೂ ಇದೇ ಅಲ್ಲವೇ? ಆ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್ ತಂತ್ರಾಂಶಗಳು ಇಂದು ಸಾಮಾನ್ಯವಾಗಿ ಇಡೀ ಕಾರ್ಡನ್ನು ಒಂದೇ ಕಡತವಾಗಿ ಇಟ್ಟುಕೊಳ್ಳುತ್ತವೆ.

ಇವುಗಳಲ್ಲಿ ‘ಸೇವ್ ಸ್ಟೇಟ್’ ಎಂಬ ಇನ್ನೊಂದು ಸೌಲಭ್ಯವಿದೆ. ಆಟದ ಯಾವುದೇ ಕ್ಷಣದಲ್ಲಿ ಯಂತ್ರದ ಸ್ಥಿತಿಯನ್ನು ಇದ್ದಂತೆಯೇ ಹಿಡಿದಿಡುವ ಈ ವಿಧಾನ ಅತ್ಯಂತ ಸುಲಭ, ಅಷ್ಟೇ ಅಸ್ಥಿರ. ತಂತ್ರಾಂಶದ ಹೊಸ ಆವೃತ್ತಿ ಬಂದೊಡನೆ ಹಳೆಯ ಸ್ಟೇಟ್ ತೆರೆದುಕೊಳ್ಳದೆ ಹೋಗಬಹುದು. ಮೆಮೊರಿ ಕಾರ್ಡಿನ ಕಡತ ಹಾಗಲ್ಲ. ಅದನ್ನು ಬರೆಯುವುದು ಆಟವೇ. ಆದಕಾರಣ ಬೇರೊಂದು ಎಮ್ಯುಲೇಟರ್ ಕೂಡ ಅದನ್ನು ಓದಬಲ್ಲುದು. ಆದ್ದರಿಂದ ಆವೃತ್ತಿ ಬದಲಿಸುವ ಮುನ್ನ ಆಟದೊಳಗಿನ ಕ್ರಮದಂತೆಯೇ ಕಾರ್ಡಿಗೆ ಉಳಿಸುವುದು, ಆಟಕ್ಕೊಂದು ಪ್ರತ್ಯೇಕ ಕಾರ್ಡ್ ಇಡುವುದು, ತಂತ್ರಾಂಶ ಮುಚ್ಚಿದ ಮೇಲೆ ದಿನಾಂಕ ನಮೂದಿಸಿದ ನಕಲನ್ನು ಬೇರೊಂದೆಡೆ ಕಾಪಿಡುವುದು ವಿವೇಕದ ಮಾರ್ಗ.

ನಕಲು ಬೇರೆಡೆ ಏಕಿರಬೇಕು ಎಂಬುದಕ್ಕೆ ನಮ್ಮ ಬಂಕಾಪುರವೇ ನಿದರ್ಶನ. ಗಂಗ ದೊರೆ ಇಮ್ಮಡಿ ಮಾರಸಿಂಹ ಕ್ರಿ.ಶ. 974ರ ಸುಮಾರಿಗೆ ಇಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ. ಆ ಸಂಗತಿಯನ್ನು ತಿಳಿಸುವ ಶಾಸನ ಇರುವುದಾದರೋ ದೂರದ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಸ್ತಂಭದಲ್ಲಿ. ಇಲ್ಲಿಯ ಕೋಟೆ ಹಾಳುಬಿದ್ದರೂ ಅಲ್ಲಿಯ ಬರಹಕ್ಕೆ ಕುಂದುಂಟಾಗಲಿಲ್ಲ.

ಶಾಲೆಗಳ ಕಂಪ್ಯೂಟರ್ ಪಾಠದಲ್ಲಿ ಟೈಪಿಂಗ್, ಚಿತ್ರರಚನೆಗಳಿಗೆ ಸ್ಥಾನವಿದೆ. ಕಡತಕ್ಕೆ ಹೆಸರಿಡುವುದು, ನಕಲು ತೆಗೆಯುವುದು, ಆ ನಕಲು ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸುವುದು ಇವುಗಳಿಗೂ ಅಷ್ಟೇ ಸ್ಥಾನ ದೊರೆಯಬೇಕು. ಮಕ್ಕಳು ಮನಸ್ಸಿಟ್ಟು ಕಲಿಯುವುದು ತಮ್ಮದೆನಿಸಿದ ವಸ್ತುವಿನಿಂದಲೇ. ಆಟದ ಕಾರ್ಡಿನಿಂದ ಆ ಪಾಠ ಆರಂಭವಾದರೆ ಪಾಲಕರು ಆಕ್ಷೇಪಿಸಬೇಕಾಗಿಲ್ಲ. ಮನೆಯ ಪತ್ರ, ಪಹಣಿ, ಫೋಟೊಗಳನ್ನು ನಾಳೆ ಕಾಪಾಡಬೇಕಾದವರು ಅವರೇ.