ಕಥೆಯ ವೀರನೂ ಪರೀಕ್ಷೆಯ ವೀರನೂ

ನಮ್ಮ ಶಾಲೆಯ ಹಿತೈಷಿಗಳಾದ ತಾಯಿತಂದೆಗಳಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಈ ಸಂಚಿಕೆಯ ಮೂಲಕ ಒಂದು ವಿಷಯವನ್ನು ಅರಿಕೆಮಾಡಿಕೊಳ್ಳುತ್ತೇನೆ. ಆಕಾಶಯಾನದ ಕಲ್ಪನಾಕಥೆಗಳನ್ನು ಹೆಣ್ಣುಮಕ್ಕಳು ನೋಡುವುದರಿಂದ ಕಾಲಹರಣವಲ್ಲದೆ ಬೇರೆ ಫಲವುಂಟೇ ಎಂದು ಪೋಷಕರು ಕೇಳುವುದುಂಟು. ಕೇಳುವವರಲ್ಲಿ ಅನೇಕರು 1998ರಲ್ಲಿ ದೂರದರ್ಶನದ ‘ಕ್ಯಾಪ್ಟನ್ ವ್ಯೋಮ್’ ಧಾರಾವಾಹಿಗಾಗಿ ಕಾದು ಕುಳಿತಿದ್ದವರು. ಈಗಲೂ ಅದನ್ನು ನೆನೆದು ಹಿಗ್ಗುವವರು. ಆ ಹಿಗ್ಗು ತಪ್ಪಲ್ಲ. ಆದರೆ ಇಂತಹ ಕಥೆಗಳ ಬೇರು ಎಲ್ಲಿದೆಯೆಂಬುದನ್ನು ತಿಳಿಸದೆ ಹೂವನ್ನು ಮಾತ್ರ ತೋರಿಸುವುದು ಅರ್ಧ ವಿದ್ಯೆಯೆಂಬುದೇ ನನ್ನ ಅಭಿಪ್ರಾಯ.

ಒಂದು ದೃಷ್ಟಾಂತವನ್ನು ನೋಡೋಣ. ಅಮೆರಿಕದಲ್ಲಿ 1973ರಿಂದ 1978ರವರೆಗೆ ‘ದಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್’ ಎಂಬ ಕಥಾಮಾಲಿಕೆಯು ಪ್ರಸಾರವಾಯಿತು. ವಿಮಾನಾಪಘಾತದಲ್ಲಿ ಅಂಗಹೀನನಾದ ವೈಮಾನಿಕನೊಬ್ಬನಿಗೆ ಯಂತ್ರದ ಕೈಕಾಲುಗಳನ್ನೂ ಕಣ್ಣನ್ನೂ ಜೋಡಿಸಿ ಅತಿಮಾನುಷನನ್ನಾಗಿ ಮಾಡಿದ ಕಥೆಯಿದು. ಅದರ ಆರಂಭದಲ್ಲಿ ವಿಮಾನವೊಂದು ನೆಲಕ್ಕೆ ಬಡಿದು ಉರುಳುವ ದೃಶ್ಯವಿದೆ. ಅದು ಕಲ್ಪನೆಯಲ್ಲ. 1967ರ ಮೇ 10ರಂದು ಬ್ರೂಸ್ ಪೀಟರ್ಸನ್ ಎಂಬ ಪರೀಕ್ಷಾ ವೈಮಾನಿಕರು ನಾಸಾ ಸಂಸ್ಥೆಯ ‘ಎಂ2-ಎಫ್2’ ಎಂಬ ರೆಕ್ಕೆಯಿಲ್ಲದ ವಿಮಾನವನ್ನು ಕ್ಯಾಲಿಫೋರ್ನಿಯದ ಒಣಗಿದ ಸರೋವರದ ಮೇಲೆ ಇಳಿಸುತ್ತಿದ್ದಾಗ ಅದು ಅಡ್ಡಡ್ಡಲಾಗಿ ಓಲಾಡಿ ಗಂಟೆಗೆ ಸುಮಾರು 400 ಕಿ.ಮೀ. ವೇಗದಲ್ಲಿ ನೆಲಕ್ಕಪ್ಪಳಿಸಿತು. ಆತನ ಜೀವ ಉಳಿಯಿತು. ಮುಂದೆ ಸೋಂಕಿನಿಂದ ಬಲಗಣ್ಣಿನ ದೃಷ್ಟಿ ಹೋಯಿತು. ಆತನ ಗಾಯವು ವಾರವಾರವೂ ಮನೆಮನೆಗಳಲ್ಲಿ ವಿನೋದದ ಪೀಠಿಕೆಯಾಯಿತು. ಕಥಾನಾಯಕನ ಹೆಸರು ಲೋಕಕ್ಕೆಲ್ಲ ಗೊತ್ತು. ಪೀಟರ್ಸನ್ನರ ಹೆಸರನ್ನು ಬಲ್ಲವರು ವಿರಳ.

ಕಥೆಯಲ್ಲಿ ಮುರಿದ ಮನುಷ್ಯನನ್ನು ರಿಪೇರಿ ಮಾಡಿದರು. ವಾಸ್ತವದಲ್ಲಿ ಆದುದೇನು? ಮುರಿದ ವಿಮಾನವನ್ನು ರಿಪೇರಿ ಮಾಡಿದರು. ಓಲಾಟದ ಕಾರಣವನ್ನು ಶೋಧಿಸಿ, ಎರಡು ಬಾಲರೆಕ್ಕೆಗಳ ನಡುವೆ ಮೂರನೆಯದನ್ನು ಕೂಡಿಸಿದರು. 1970ರಲ್ಲಿ ಅದು ‘ಎಂ2-ಎಫ್3’ ಎಂಬ ಹೆಸರಿನಿಂದ ಪುನಃ ಹಾರಿತು. ಪೀಟರ್ಸನ್ನರೂ ಸುಮ್ಮನೆ ಕೂರಲಿಲ್ಲ. ಅದೇ ಸಂಸ್ಥೆಯಲ್ಲಿ ಮುಂದೆ ಸುರಕ್ಷತಾ ಅಧಿಕಾರಿಯಾಗಿ ದುಡಿದರು. ಈ ಎರಡು ಕಥೆಗಳಲ್ಲಿ ಯಾವುದು ಹೆಚ್ಚು ಆಶ್ಚರ್ಯಕರವೆಂದು ವಾಚಕರೇ ನಿರ್ಣಯಿಸಲಿ.

ಇದು ಪರದೇಶದ ಮಾತೆಂದು ತಿಳಿಯಬೇಡಿರಿ. ಮೈಸೂರು ಸರ್ಕಾರದ ಬೆಂಬಲದೊಡನೆ 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮಾನ ಕಾರ್ಖಾನೆಯಲ್ಲಿ ‘ಮರುತ್’ ಎಂಬ ಯುದ್ಧವಿಮಾನವು ನಿರ್ಮಾಣವಾಯಿತು. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಅದೇ ಬಗೆಯ ವಿಮಾನದ ಪರೀಕ್ಷೆಯಲ್ಲಿ ಪ್ರಾಣವನ್ನೊಪ್ಪಿಸಿದರು. ಅವರ ಹೆಸರಿನ ರಸ್ತೆಯಲ್ಲಿ ದಿನವೂ ಸಂಚರಿಸುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ಇನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇಸ್ರೋ ಸಂಸ್ಥೆಯು 2023ರ ಏಪ್ರಿಲ್ 2ರಂದು ಮತ್ತು 2024ರ ಮಾರ್ಚ್ ಹಾಗೂ ಜೂನ್ ತಿಂಗಳುಗಳಲ್ಲಿ ತನ್ನ ಆಕಾಶನೌಕೆಯ ಮಾದರಿಯನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಡುಗಡೆ ಮಾಡಿತು. ವೈಮಾನಿಕನಿಲ್ಲದೆ ಅದು ತಾನೇ ದಾರಿ ತಿದ್ದಿಕೊಂಡು ಓಡುಪಟ್ಟಿಯ ಮೇಲಿಳಿಯಿತು. ಮಕ್ಕಳು ಪರದೆಯ ಮೇಲೆ ಬೆರಗಿನಿಂದ ನೋಡುವಂತಹುದೇ ನಮ್ಮ ನಾಡಿನ ಬಯಲಿನಲ್ಲಿ ನಡೆದಿದೆ.

“ಇಂತಹ ಅಪಾಯದ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಪ್ರೇರಿಸುವಿರೋ?” ಎಂದು ಆಕ್ಷೇಪಿಸುವವರುಂಟು. ಹೌದು, ಪ್ರೇರಿಸುತ್ತೇನೆ. ಪರೀಕ್ಷೆಯ ಸಾರವು ಸಾಹಸವಲ್ಲ. ದೋಷವನ್ನು ಹುಡುಕಿ, ಅಳೆದು, ಮುಚ್ಚಿಡದೆ ಬರೆದಿಡುವುದು. ಕೊಳ್ಳೇಗಾಲದ ಆಶ್ರಿತಾ ವಿ. ಓಲೇಟಿಯವರು 2021ರಲ್ಲಿ ನಮ್ಮ ವಾಯುಸೇನೆಯ ಮೊದಲ ಮಹಿಳಾ ಹಾರಾಟ ಪರೀಕ್ಷಾ ಎಂಜಿನಿಯರ್ ಆದರು. ಕೊಳ್ಳೇಗಾಲವು ನಮಗೇನೂ ದೂರದ ದೇಶವಲ್ಲ.

ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ನಡುರಾತ್ರಿಯಲ್ಲಿ ಎದ್ದು ಶಾಖಮಾಪಕವನ್ನು ನೋಡುವ ಹುಣಸೂರಿನ ರೈತನಿಗೆ ಈ ಮಾತು ಹೊಸದಲ್ಲ. ಶಾಖ ತಪ್ಪಿದ್ದನ್ನು ಕಾಣದಂತೆ ನಟಿಸಿದರೆ ಬೆಳೆಯೆಲ್ಲ ಹಾಳು. ಆದರೆ ಅದೇ ಮನೆಯಲ್ಲಿ ಗಣಿತದಲ್ಲಿ ಸೋತ ಮಗಳ ಅಂಕಪಟ್ಟಿಯನ್ನು ಅವಮಾನವೆಂದು ಅಡಗಿಸುತ್ತಾರೆ. ಅವಳಿಗೆ ವಿಜ್ಞಾನ ಹತ್ತದೆಂದು ತೀರ್ಮಾನಿಸಿ, ಹತ್ತನೆಯ ತರಗತಿಗೇ ಓದನ್ನು ಮುಗಿಸುತ್ತಾರೆ. ಮುರಿದ ವಿಮಾನಕ್ಕೆ ಮೂರನೆಯ ಬಾಲರೆಕ್ಕೆ ದೊರೆಯಿತು. ಮಗಳಿಗೆ ಎರಡನೆಯ ಅವಕಾಶವೂ ಬೇಡವೇ?

ಆದಕಾರಣ ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಹುಣಸೂರು ಸೀಮೆಯ ಪೋಷಕರಲ್ಲಿ ನನ್ನ ವಿನಂತಿಯಿಷ್ಟೆ. ಮಕ್ಕಳೊಡನೆ ಆ ಹಳೆಯ ಕಥೆಗಳನ್ನು ನೋಡಿರಿ. ನೋಡಿದ ಮೇಲೆ ಪೀಟರ್ಸನ್ನರ ಮತ್ತು ದಾಸರ ಕಥೆಯನ್ನೂ ಹೇಳಿರಿ. ಬೆಂಗಳೂರಿಗೆ ಹೋದಾಗ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮರುತ್ ವಿಮಾನವನ್ನು ತೋರಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ಎಂಜಿನಿಯರಿಂಗ್ ಓದಿದವರು ನಿಮ್ಮಲ್ಲಿ ಇದ್ದೀರಿ. ವರ್ಷಕ್ಕೊಂದು ದಿನ ಶಾಲೆಗೆ ಬಂದು, ನೀವು ಗೆದ್ದದ್ದನ್ನಲ್ಲದೆ, ಎಡವಿದ್ದನ್ನೂ ತಿದ್ದಿಕೊಂಡದ್ದನ್ನೂ ಈ ಬಾಲಕಿಯರಿಗೆ ತಿಳಿಸಿರಿ. ಅದಕ್ಕಿಂತ ಹೆಚ್ಚಿನ ಕಾಣಿಕೆಯನ್ನು ಶಾಲೆಯು ನಿಮ್ಮಿಂದ ಅಪೇಕ್ಷಿಸುವುದಿಲ್ಲ.