ಕಂದು ನೀರಿಗೆ ಔಷಧವುಂಟೇ?

ಮಲೆನಾಡಿಗೆ ಕಾಗದದ ಕಾರ್ಖಾನೆ ಹೊಸತಲ್ಲ. ಭದ್ರೆಯ ದಡದ ಭದ್ರಾವತಿಯಲ್ಲಿ 1930ರ ದಶಕದಲ್ಲಿ, ಕಾಳಿಯ ದಡದ ದಾಂಡೇಲಿಯಲ್ಲಿ 1950ರ ದಶಕದಲ್ಲಿ ಅವು ತಲೆಯೆತ್ತಿದವು. ಬಿದಿರು ಕಾಡಿನದು, ನೀರು ನದಿಯದು. ಬಳಸಿದ ನೀರು ಸೇರುವುದೂ ನದಿಯನ್ನೇ. ಇಂತಹ ನೀರಿಗೆ 'ಸುಧಾರಿತ ರಾಸಾಯನಿಕ ಉತ್ಕರ್ಷಣ'ವೇ ಪರಿಹಾರವೆಂಬ ಮಾತಿದೆ. ಅದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದು ಹೊಳೆಯ ಕೆಳದಂಡೆಯ ರೈತನಿಗೆ ತಿಳಿದಿರಬೇಕು.

ಈ ನೀರಿನ ಕಂದು ಬಣ್ಣ ಬಹುಪಾಲು ಲಿಗ್ನಿನ್‌ನದು. ಮರಕ್ಕೂ ಬಿದಿರಿಗೂ ಗಡಸುತನ ಕೊಡುವ ಈ ವಸ್ತುವನ್ನು ಜೀವಾಣುಗಳು ಸುಲಭವಾಗಿ ಅರಗಿಸಿಕೊಳ್ಳಲಾರವು. ಕಾಡಿನಲ್ಲಿ ಬಿದ್ದ ದಿಮ್ಮಿ ಮಣ್ಣಾಗಲು ವರ್ಷಗಳೇ ಹಿಡಿಯುವುದನ್ನು ಯಾರು ಕಂಡಿಲ್ಲ? ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳು ಸಕ್ಕರೆಯಂತಹ ಮೃದು ಪದಾರ್ಥಗಳನ್ನು ತಿಂದು ಲಿಗ್ನಿನ್ನನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತವೆ. ಬಿ.ಓ.ಡಿ. ಪರೀಕ್ಷೆಯೂ 27 ಡಿಗ್ರಿ ಉಷ್ಣತೆಯಲ್ಲಿ 3 ದಿನ ಜೀವಾಣುಗಳು ಬಳಸಿದ ಆಮ್ಲಜನಕವನ್ನಷ್ಟೇ ಅಳೆಯುತ್ತದೆ. ಅವು ತಿನ್ನದ್ದು ಲೆಕ್ಕಕ್ಕೆ ಬಾರದು. ಆದುದರಿಂದಲೇ ಲೀಟರಿಗೆ 30 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿಯೊಳಗಿನ ವರದಿಯೂ ಕಷಾಯದ ಬಣ್ಣದ ನೀರೂ ಏಕಕಾಲದಲ್ಲಿ ಇರಬಲ್ಲವು. ವರದಿ ಸುಳ್ಳಲ್ಲ, ಅಪೂರ್ಣ.

ಉತ್ಕರ್ಷಣದ ಸಾಮರ್ಥ್ಯ ಕಾಣುವುದು ಇಲ್ಲಿಯೇ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಫೆಂಟನ್ 1894ರಲ್ಲಿ ವಿವರಿಸಿದ ಕ್ರಿಯೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕಬ್ಬಿಣದ ಲವಣದೊಡನೆ ಸೇರಿ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಿನ ಕಣಗಳನ್ನು ಹುಟ್ಟಿಸುತ್ತದೆ. ಇವು ಲಿಗ್ನಿನ್ನನ್ನು ತುಂಡರಿಸಿ ಬಣ್ಣವನ್ನು ತೆಗೆಯುತ್ತವೆ. ಆದರೆ ನೀರನ್ನು ಮೊದಲು ಪಿಎಚ್ 3ರ ಆಸುಪಾಸಿನ ಆಮ್ಲವಾಗಿಸಬೇಕು, ಆಮೇಲೆ ಸುಣ್ಣ ಬೆರೆಸಿ ಸರಿಪಡಿಸಬೇಕು. ಆಗ ತಳದಲ್ಲಿ ಕಬ್ಬಿಣದ ಕೆಸರು ಉಳಿಯುತ್ತದೆ. ಕೊಳೆ ಹೆಚ್ಚಿದಷ್ಟೂ ಪೆರಾಕ್ಸೈಡಿನ ವೆಚ್ಚ ಏರುವುದರಿಂದ ಜೈವಿಕ ಶುದ್ಧೀಕರಣ ಮುಗಿದ ಮೇಲಿನ ಕೊನೆಯ ಹಂತಕ್ಕೆ ಮಾತ್ರ ಇದು ಒಪ್ಪುವಂತಹುದು.

ಗದ್ದೆಯ ದೃಷ್ಟಿಯಿಂದ ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ತಿರುಳು ಬೇಯಿಸಲು ಬಳಸುವ ಕಾಸ್ಟಿಕ್ ಸೋಡಾದ ಸೋಡಿಯಂ ಯಾವ ಉತ್ಕರ್ಷಣಕ್ಕೂ ಕರಗಿ ಹೋಗದು. ಬಣ್ಣ ಕಳೆದ ತಿಳಿನೀರಿನಲ್ಲಿ ಅದು ಕಣ್ಣಿಗೂ ಕಾಣದು. ಅಂತಹ ನೀರುಂಡ ಜೇಡಿಮಣ್ಣು ಕಣಗಳ ಹಿಡಿತ ಕಳೆದುಕೊಂಡು, ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಹೆಂಟೆಗಟ್ಟುತ್ತದೆ, ನೀರು ಇಂಗುವುದಿಲ್ಲ. ಸೋಡಿಯಂ ತಡೆಯಬೇಕಾದುದು ಕಾರ್ಖಾನೆಯೊಳಗೆ, ತಿರುಳು ಬೇಯಿಸಿದ ಕಪ್ಪು ದ್ರಾವಣವನ್ನು ಸೋರಗೊಡದೆ ಹಿಡಿದು, ಇಂಗಿಸಿ, ಉರಿಸಿ, ಸೋಡಾವನ್ನು ಮರಳಿ ಪಡೆಯುವಲ್ಲಿ.

ಹೊಸ ಘಟಕದ ಪ್ರಸ್ತಾಪ ಬಂದಲ್ಲಿ ಗ್ರಾಮಸ್ಥರು ಬಿ.ಓ.ಡಿ.ಯೊಂದನ್ನೇ ಕೇಳಿ ಮರಳಬಾರದು. ಸಿ.ಓ.ಡಿ., ಬಣ್ಣ, ಕ್ಲೋರಿನ್ ಬೆರೆತ ಸಾವಯವ ವಸ್ತು, ಸೋಡಿಯಂ ಪ್ರಮಾಣ ಇವೆಲ್ಲದರ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೋರಬಹುದು. ಕಬ್ಬಿಣದ ಕೆಸರನ್ನು ಯಾವ ಜಾಗದಲ್ಲಿ ಸುರಿಯುವರೆಂಬುದನ್ನೂ ಅದೇ ಅರ್ಜಿಯಲ್ಲಿ ಕೇಳತಕ್ಕದ್ದು.