ಅಂಕಿಗಳ ಹಿಂದಿನ ಅರ್ಥ

ಗಣಕ ವಿಜ್ಞಾನದ ಪದವಿಗೆ ಸೇರಿದ ನಮ್ಮ ಮಕ್ಕಳು ದತ್ತಾಂಶ ಸಂಸ್ಕರಣೆ ಹಾಗೂ ವಿಶ್ಲೇಷಣೆಯನ್ನು ಅಭ್ಯಸಿಸುತ್ತಾರೆ. ಅಂಕಿಗಳನ್ನು ತುಂಬಿದರೆ ಕಂಪ್ಯೂಟರ್ ತಾನೇ ಸತ್ಯವನ್ನು ಹೇಳುವುದೆಂಬುದು ಹಲವರ ಭಾವನೆ. ಅದು ಅಷ್ಟು ಸುಲಭವಲ್ಲ.

1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ತಲಾ 11 ಜೋಡಿ ಅಂಕಿಗಳ 4 ಪಟ್ಟಿಗಳನ್ನು ಪ್ರಕಟಿಸಿದರು. ನಾಲ್ಕರ ಸರಾಸರಿಗಳೂ ಹೆಚ್ಚುಕಡಿಮೆ ಒಂದೇ. ನಕ್ಷೆ ಬರೆದಾಗ ಮಾತ್ರ ಒಂದು ಸರಳರೇಖೆಯ ಸುತ್ತ ಹರಡಿತು, ಇನ್ನೊಂದು ಕಮಾನಿನಂತೆ ಬಾಗಿತು; ಉಳಿದೆರಡರಲ್ಲಿ ದೂರ ನಿಂತ ಒಂದೊಂದು ಬಿಂದುವೇ ಲೆಕ್ಕವನ್ನು ತನ್ನೆಡೆಗೆ ಎಳೆದಿತ್ತು.

ಊರಿನ ಸಮೀಕ್ಷೆಯೊಂದರಲ್ಲಿ ಅಂತಹ ಬಿಂದು ಬರೆದುಕೊಂಡವರ ಕೈತಪ್ಪಾಗಿರಬಹುದು. ನೆರವು ಬೇಕಾದ ಒಂದು ಕುಟುಂಬವೂ ಆಗಿರಬಹುದು. ವಿಚಾರಿಸದೆ ಅಳಿಸಿದರೆ ಅನ್ಯಾಯ, ವಿಚಾರಿಸದೆ ಉಳಿಸಿದರೆ ಅಸತ್ಯ. ಆದುದರಿಂದ ಗಣಕಭಾಷೆಗಳಷ್ಟೇ ಶ್ರದ್ಧೆಯಿಂದ ಸಂಖ್ಯಾಶಾಸ್ತ್ರವನ್ನೂ ಕಲಿಯುವಂತೆ ಮಕ್ಕಳಿಗೆ ನಾವು ತಿಳಿಯಹೇಳೋಣ.